ಕಾಲಿಡಲಾಗದ ಜಾಗದ ನಕ್ಷೆ: ಆಳದ ಗಣಿಗೆ ಡ್ರೋನ್ ಬಂದ ದಾರಿ

2002ರ ಜುಲೈ 24ರ ರಾತ್ರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕ್ವೆಕ್ರೀಕ್ ಕಲ್ಲಿದ್ದಲು ಗಣಿಯಲ್ಲಿ ಕೊರೆಯುವ ಯಂತ್ರ ಎದುರಿನ ಗೋಡೆಯನ್ನು ತೂತು ಮಾಡಿತು. ಆಚೆಗಿದ್ದದ್ದು ದಶಕಗಳ ಹಿಂದೆಯೇ ಮುಚ್ಚಿಹೋಗಿದ್ದ ಸ್ಯಾಕ್ಸ್‌ಮನ್ ಗಣಿ. ಅದರ ತುಂಬ ನೀರು. ನುಗ್ಗಿದ ನೀರಿಗೆ ಹೊರದಾರಿ ಮುಚ್ಚಿ ಒಂಬತ್ತು ಕಾರ್ಮಿಕರು ಒಳಗೇ ಉಳಿದರು. ಮೇಲಿನಿಂದ ರಂಧ್ರ ಕೊರೆದು, ಮೂರು ದಿನ ದಾಟಿದ ಮೇಲೆ ಒಂಬತ್ತೂ ಮಂದಿಯನ್ನು ಜೀವಂತವಾಗಿ ಎತ್ತಿದರು. ಕೈಯಲ್ಲಿದ್ದ ನಕ್ಷೆಯನ್ನು ನಂಬುವುದಾದರೆ ಆ ಎರಡು ಗಣಿಗಳ ನಡುವೆ ಸಾಕಷ್ಟು ದಪ್ಪದ ಗೋಡೆ ಇರಬೇಕಿತ್ತು. ಹಳೆಯ ಗಣಿಯವರು ಕೊನೆಕೊನೆಗೆ ಅಗೆದದ್ದು ಆ ನಕ್ಷೆಯಲ್ಲಿ ಇರಲೇ ಇಲ್ಲ.

ಹಳೆಯ ಅಗೆತದಲ್ಲಿ ನಿಂತ ನೀರು ಏನು ಮಾಡಬಲ್ಲದೆಂದು ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. 1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಾಸ್‌ನಾಲಾ ಗಣಿಗೆ ಹೀಗೆಯೇ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅಲ್ಲಿ ಯಾರೂ ಬದುಕಿ ಬರಲಿಲ್ಲ.

ಗಣಿಯೊಳಗಿನ ಡ್ರೋನ್ ಎಂದಾಗ ಮಾತೆಲ್ಲ ಅದರ ಹಾರಾಟದ ಸುತ್ತಲೇ ಸುತ್ತುತ್ತದೆ. ನನಗೆ ಇದು ನಕ್ಷೆಯ ಕಥೆಯಾಗಿ ಕಾಣುತ್ತದೆ. ಮನುಷ್ಯ ನಿಲ್ಲಲಾಗದ ಜಾಗವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಒಂದಾದ ಮೇಲೊಂದು ಉತ್ತರ ಹುಡುಕುತ್ತಾ ಹೋದರು. ರೆಕ್ಕೆ ಬಂದದ್ದು ಕೊಟ್ಟಕೊನೆಗೆ.

ಗಣಿ ಸರ್ವೇಯರ್‌ನ ಕೆಲಸ ಮೊದಲಿನಿಂದಲೂ ಕಷ್ಟದ್ದೇ. ಭೂಮಿಯ ಮೇಲೆ ಸೂರ್ಯ, ನಕ್ಷತ್ರ, ಬೆಟ್ಟದ ತುದಿ ಏನಾದರೊಂದು ಗುರುತಿಗೆ ಸಿಗುತ್ತದೆ. ಗಣಿಗೆ ಇಳಿಯುವ ಬಾವಿಯಂಥ ಶಾಫ್ಟ್‌ನ ಕೆಳಗೆ ಉತ್ತರ ದಿಕ್ಕು ಯಾವುದೆಂದು ಹೇಳುವವರಿಲ್ಲ. ಅದಕ್ಕಾಗಿ ಎರಡು ಉದ್ದದ ತಂತಿಗಳಿಗೆ ಭಾರ ಕಟ್ಟಿ ಶಾಫ್ಟ್‌ನೊಳಗೆ ಇಳಿಬಿಟ್ಟು, ಮೇಲಿನ ದಿಕ್ಕನ್ನು ಆ ತಂತಿಗಳ ಸಾಲಿನಿಂದ ಕೆಳಗಿನ ಲೆವೆಲ್‌ಗೆ ಇಳಿಸುತ್ತಿದ್ದರು. ಗಾಳಿಯ ಎಳೆತಕ್ಕೆ ತಂತಿ ಕೂದಲೆಳೆಯಷ್ಟು ಸರಿದರೂ ಸಾಕು, ಸುರಂಗ ಮುಂದೆ ಮುಂದೆ ಹೋದಂತೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು ಎನ್ನುವಾಗ, ಚಿನ್ನ ತೆಗೆದವರ ಜೊತೆಗೆ ಅಷ್ಟು ಆಳದಲ್ಲಿ ಲೆಕ್ಕ ತಪ್ಪದಂತೆ ಅಳೆದವರನ್ನೂ ನೆನೆಯಬೇಕು. ಅವರ ಹೆಸರು ಎತ್ತುವವರು ಕಡಿಮೆ.

ಆದರೆ ಆ ವಿಧಾನ ನಡೆಯುತ್ತಿದ್ದದ್ದು ಮನುಷ್ಯ ಹೋಗಿ ನಿಲ್ಲಬಹುದಾದ ಕಡೆ ಮಾತ್ರ. ಲೋಹದ ಗಣಿಗಳಲ್ಲಿ ಅದಿರನ್ನು ಸ್ಫೋಟಿಸಿ ತೆಗೆದ ಮೇಲೆ ಉಳಿಯುವ ಭಾರಿ ಟೊಳ್ಳಿಗೆ ಸ್ಟೋಪ್ ಎನ್ನುತ್ತಾರೆ. ದೊಡ್ಡ ಗಣಿಗಳಲ್ಲಿ ಅದು ಹತ್ತಾರು ಮೀಟರ್ ಎತ್ತರದ ಕತ್ತಲ ಕೋಣೆ. ಮೇಲಿನ ಬಂಡೆಗೆ ಯಾವ ಆಸರೆಯೂ ಇಲ್ಲ, ಯಾವಾಗ ಕಳಚುತ್ತದೋ ಗೊತ್ತಿಲ್ಲ. ಆದ್ದರಿಂದ ಅದರೊಳಗೆ ಕಾಲಿಡಕೂಡದು. ಕೆಳಗೆ ಬಿದ್ದ ಅದಿರನ್ನು ಬಾಚುವ ಲೋಡರ್ ಯಂತ್ರವನ್ನೂ ದೂರದಲ್ಲಿ ನಿಂತು ರಿಮೋಟ್‌ನಿಂದಲೇ ನಡೆಸುತ್ತಾರೆ.

ಒಳಗೆ ಹೋಗದಿದ್ದರೂ ಒಳಗಿನ ಆಕಾರ ತಿಳಿಯಲೇಬೇಕು. ಸುರಕ್ಷತೆ ಒಂದು ಕಾರಣ. ಇನ್ನೊಂದು, ಮುಚ್ಚಿಟ್ಟುಕೊಳ್ಳುವಂಥದ್ದೇನಲ್ಲ, ದುಡ್ಡು. ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಸ್ಫೋಟ ಗೆರೆ ಮೀರಿ ಪಕ್ಕದ ಬರಿಗಲ್ಲನ್ನೂ ಉದುರಿಸಿದರೆ, ಆ ಕಲ್ಲನ್ನೂ ಮೇಲಕ್ಕೆ ಎತ್ತಿ, ಅರೆದು, ರಾಸಾಯನಿಕದಲ್ಲಿ ನೆನೆಸಿ ಕೊನೆಗೆ ಎಸೆಯಬೇಕು. ಸ್ಫೋಟ ಗೆರೆಗಿಂತ ಒಳಗೇ ನಿಂತುಬಿಟ್ಟರೆ ಒಳ್ಳೆಯ ಅದಿರು ಗೋಡೆಯಲ್ಲೇ ಉಳಿಯುತ್ತದೆ. ಎರಡೂ ನಷ್ಟವೇ.

1990ರ ದಶಕದ ಆರಂಭದಲ್ಲಿ ಕೆನಡಾದ ನೊರಾಂಡಾ ಗಣಿ ಕಂಪನಿಯ ಸಂಶೋಧನಾ ಕೇಂದ್ರ ಮತ್ತು ಆಪ್ಟೆಕ್ ಸಂಸ್ಥೆ ಸೇರಿ ಒಂದು ಉಪಾಯ ಮಾಡಿದವು. ಉದ್ದದ ಕಂಬದ ತುದಿಗೆ ತಿರುಗುವ ಲೇಸರ್ ಕಟ್ಟಿ, ಸ್ಟೋಪ್‌ನ ಬಾಯಿಂದ ಒಳಕ್ಕೆ ಚಾಚುವುದು. ಲೇಸರ್ ಗೋಡೆಗೆ ಬಡಿದು ಮರಳುವ ಹೊತ್ತಿನಿಂದ ದೂರ ತಿಳಿಯುತ್ತದೆ. ಗಣಿಗಳಲ್ಲಿ ಸಿಎಂಎಸ್ ಎಂದೇ ಕರೆಯುವ ಈ ಸಾಧನ ಬಹುಕಾಲ ಆಳಿತು. ಅದರ ಕೊರತೆ ಏನೆಂದರೆ ಲೇಸರ್ ನೇರಕ್ಕೆ ಮಾತ್ರ ನೋಡುತ್ತದೆ. ಉಬ್ಬಿದ ಬಂಡೆಯ ಹಿಂದಿನ ಭಾಗ ನಕ್ಷೆಯಲ್ಲಿ ಖಾಲಿಯಾಗಿಯೇ ಉಳಿಯುತ್ತಿತ್ತು. ಸಾಲದ್ದಕ್ಕೆ ಕಂಬ ಚಾಚುವವನು ಸ್ಟೋಪ್‌ನ ಅಂಚಿಗೇ ಹೋಗಿ ನಿಲ್ಲಬೇಕಿತ್ತು.

ಕ್ವೆಕ್ರೀಕ್ ಅವಘಡ ಇನ್ನೊಂದು ದಾರಿ ತೆರೆಯಿತು. ಅಲ್ಲಿಂದ ದೂರವಿಲ್ಲದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೆಡ್ ವಿಟಕರ್, ಸೆಬಾಸ್ಟಿಯನ್ ಥ್ರುನ್ ಮತ್ತವರ ತಂಡ ಗ್ರೌಂಡ್‌ಹಾಗ್ ಎಂಬ ನಾಲ್ಕು ಚಕ್ರದ ರೋಬೋ ಕಟ್ಟಿತು. 2003ರ ಮೇ ತಿಂಗಳಲ್ಲಿ ಅದನ್ನು ಮ್ಯಾಥೀಸ್ ಎಂಬ ಪಾಳುಗಣಿಗೆ ಬಿಟ್ಟರು. ಯಾರ ನಿಯಂತ್ರಣವೂ ಇಲ್ಲದೆ 300 ಮೀಟರಿಗಿಂತ ಹೆಚ್ಚು ದೂರ ತಾನೇ ಸಾಗಿ, ಚಾವಣಿಯಿಂದ ಮುರಿದುಬಿದ್ದ ತೊಲೆ ಅಡ್ಡ ಬಂದಲ್ಲಿ ನಿಂತಿತು. ನೆಲದ ಮೇಲೆ ಓಡುವ ಯಂತ್ರಕ್ಕೆ ಗಣಿಯ ನೆಲವೇ ಶತ್ರು ಎಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಗ್ರೌಂಡ್‌ಹಾಗ್‌ನ ತಲೆಯಲ್ಲಿದ್ದ ಗಣಿತ ಮಾತ್ರ ಉಳಿದುಕೊಂಡಿತು. ಅದಕ್ಕೆ ಸ್ಲ್ಯಾಮ್ ಎನ್ನುತ್ತಾರೆ. ಕರೆಂಟು ಹೋದಾಗ ಗುರುತಿಲ್ಲದ ಮನೆಯಲ್ಲಿ ಗೋಡೆ ತಡವುತ್ತಾ, ‘ಇಲ್ಲಿ ಬಾಗಿಲು, ಆಗಲೇ ದಾಟಿದ್ದು ಕಿಟಕಿ’ ಎಂದು ಮನಸ್ಸಿನಲ್ಲೇ ನಕ್ಷೆ ಕಟ್ಟಿಕೊಳ್ಳುತ್ತೇವಲ್ಲ, ಹಾಗೆ. ಯಂತ್ರ ತಾನಿರುವ ಜಾಗದ ನಕ್ಷೆಯನ್ನೂ ಆ ನಕ್ಷೆಯಲ್ಲಿ ತಾನೆಲ್ಲಿದ್ದೇನೆ ಎಂಬುದನ್ನೂ ಒಟ್ಟೊಟ್ಟಿಗೆ ಲೆಕ್ಕ ಹಾಕುತ್ತದೆ. ಜಿಪಿಎಸ್ ಬೇಕಿಲ್ಲ. ವಿಚಿತ್ರವೆಂದರೆ ಒರಟೊರಟಾದ ಬಂಡೆ ಇದಕ್ಕೆ ಅನುಕೂಲ. ನುಣುಪಾದ, ನೇರವಾದ ಸುರಂಗದಲ್ಲಿ ಎಲ್ಲ ಕಡೆಯೂ ಒಂದೇ ತೆರನಾಗಿ ಕಂಡು, ಎಷ್ಟು ಮುಂದೆ ಬಂದೆ ಎಂಬ ಲೆಕ್ಕವೇ ತಪ್ಪುತ್ತದೆ.

ಈ ಗಣಿತವನ್ನು ಗಣಿಯವರ ಕೈಗೆ ತಲುಪಿಸುವಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಪಾತ್ರ ದೊಡ್ಡದು. 2010ರ ದಶಕದ ಆರಂಭದಲ್ಲಿ ಅಲ್ಲಿನವರು ಜೆಬೆಡಿ ಎಂಬ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಮಾಡಿದರು. ಸ್ಪ್ರಿಂಗ್‌ನ ತುದಿಯಲ್ಲಿ ಲೇಸರ್. ಹಿಡಿದವರು ನಡೆದಂತೆ ಅದು ತಲೆದೂಗುತ್ತಾ ಸುತ್ತಲನ್ನೆಲ್ಲ ಅಳೆಯುತ್ತದೆ. ದಿನಗಟ್ಟಲೆ ಹಿಡಿಯುತ್ತಿದ್ದ ಸರ್ವೆ ನಡೆದು ಬರುವಷ್ಟು ಹೊತ್ತಿಗೆ ಇಳಿಯಿತು. ಅದೇ ಸಂಸ್ಥೆಯಲ್ಲಿ ಹುಟ್ಟಿದ ಹೋವರ್‌ಮ್ಯಾಪ್ ಲೇಸರನ್ನು ಡ್ರೋನ್‌ಗೆ ಕಟ್ಟಿತು. ಪಶ್ಚಿಮ ಆಸ್ಟ್ರೇಲಿಯಾದ ಗಣಿಯೊಂದರಲ್ಲಿ, ನೆಲದಿಂದ 600 ಮೀಟರ್ ಕೆಳಗೆ, ಆಪರೇಟರ್‌ನ ಕಣ್ಣಳತೆ ದಾಟಿ ತಾನೇ ಹಾರಿ ಮರಳಿತು. 2018ರಲ್ಲಿ ಸ್ಟೀಫನ್ ಹ್ರಾಬರ್ ಮತ್ತು ಫರೀದ್ ಕೆಂಡೂಲ್ ಎಮೆಸೆಂಟ್ ಎಂಬ ಕಂಪನಿ ಕಟ್ಟಿ ಇದನ್ನು ಮಾರಲು ಹೊರಟರು.

ಕಣ್ಣಳತೆ ದಾಟಿ ಹಾರಿ ಮರಳುವುದಕ್ಕೆ ಅಷ್ಟು ಬೆಲೆ ಏಕೆಂದರೆ, ಬಂಡೆಯ ತಿರುವು ದಾಟಿದ ಕೂಡಲೇ ರೇಡಿಯೊ ಸಿಗ್ನಲ್ ಸಾಯುತ್ತದೆ. ಆಮೇಲೆ ಏನಿದ್ದರೂ ಡ್ರೋನ್‌ನ ಬುದ್ಧಿಯೇ ಗತಿ. ಬ್ಯಾಟರಿ ಹತ್ತಿಪ್ಪತ್ತು ನಿಮಿಷದ ಮಾತು, ಅದರೊಳಗೆ ಹೋಗಿಬರುವ ಲೆಕ್ಕವನ್ನೂ ಅದೇ ಇಟ್ಟುಕೊಳ್ಳಬೇಕು. ಜೊತೆಗೆ ರೆಕ್ಕೆ ಎಬ್ಬಿಸಿದ ಧೂಳನ್ನೇ ಲೇಸರ್ ಗೋಡೆಯೆಂದು ಭ್ರಮಿಸುವುದುಂಟು.

ಸ್ವಿಟ್ಜರ್‌ಲೆಂಡ್‌ನಲ್ಲಿ ಇನ್ನೊಂದು ಪಂಥ ಬೆಳೆಯಿತು. ಡಿಕ್ಕಿ ತಪ್ಪಿಸುವ ಉಸಾಬರಿ ಏಕೆ, ಹೊಡೆದುಕೊಂಡರೂ ಬೀಳದಂತೆ ಮಾಡಿದರಾಯಿತು ಎಂದರು ಲೊಸಾನ್‌ನ ಫ್ಲೈಅಬಿಲಿಟಿ ಕಂಪನಿಯವರು. ಡ್ರೋನ್‌ನ ಸುತ್ತ ಪಂಜರ ಹೊದಿಸಿದರು. ಗೋಡೆಗೆ ಬಡಿದೂ ಹಾರಾಟ ಮುಂದುವರಿಸುವ ಕೀಟಗಳೇ ಅವರಿಗೆ ಗುರು. 2016ರಲ್ಲಿ ಬಂದ ಅವರ ಎಲಿಯೋಸ್‌ನಲ್ಲಿ ಇದ್ದದ್ದು ಕ್ಯಾಮೆರಾ. 2022ರ ಎಲಿಯೋಸ್ 3ಕ್ಕೆ ಲಿಡಾರ್, ಅಂದರೆ ಲೇಸರ್‌ನಿಂದ ದೂರ ಅಳೆಯುವ ಸಾಧನ, ಮತ್ತು ಸ್ಲ್ಯಾಮ್ ಸೇರಿದವು. ಅದಿರು ಸುರಿಯುವ ಕಿರಿದಾದ ಓರ್ ಪಾಸ್‌ಗಳಲ್ಲಿ ಕಲ್ಲು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಲು ಇಂಥದ್ದೇ ಬೇಕು. ಹಿಂದೆ ಅದನ್ನು ಕೆಳಗಿನಿಂದ ಇಣುಕಿ ನೋಡಿ ಪ್ರಾಣ ಕಳೆದುಕೊಂಡವರಿದ್ದಾರೆ. ಈ ಒಂದು ಕೆಲಸಕ್ಕಾಗಿಯೇ ಡ್ರೋನ್ ಕೊಂಡರೂ ತಪ್ಪಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ನೆಲದಡಿಯ ರೋಬೋ ಸ್ಪರ್ಧೆ ಇದಕ್ಕೆಲ್ಲ ಇನ್ನಷ್ಟು ವೇಗ ಕೊಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನ ಹಳೆಯ ಸುಣ್ಣದಕಲ್ಲಿನ ಗಣಿಯಲ್ಲಿ ಅಂತಿಮ ಸುತ್ತು ನಡೆದಾಗ ಸೆರ್ಬೆರಸ್ ತಂಡ ಮತ್ತು ಸಿಎಸ್‌ಐಆರ್‌ಒ ತಂಡ ಸಮಸಮ ಅಂಕ ಗಳಿಸಿದವು. ಟೈಬ್ರೇಕರ್‌ನಲ್ಲಿ ಗೆದ್ದ ಸೆರ್ಬೆರಸ್‌ಗೆ 20 ಲಕ್ಷ ಡಾಲರ್ ಹೋಯಿತು.

ಭಾರತದಲ್ಲಿ ಸಾಮಾನ್ಯ ಜನ ನೆಲದಡಿಯ ಡ್ರೋನ್ ಬಗ್ಗೆ ಕೇಳಿದ್ದು 2023ರ ನವೆಂಬರ್‌ನಲ್ಲಿ, ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಸಿಕ್ಕಿಕೊಂಡಾಗ. ಜಿಪಿಎಸ್ ಸಿಗದ ಕಡೆ ಹಾರುವ ಡ್ರೋನ್‌ನೊಂದಿಗೆ ಬೆಂಗಳೂರಿನ ಕಂಪನಿಯೊಂದರ ತಂಡ ಅಲ್ಲಿಗೆ ಹೋಗಿತ್ತು. ಆದರೆ ಕೊನೆಗೆ ಸಿಕ್ಕಿಕೊಂಡವರನ್ನು ಹೊರತಂದದ್ದು ಕೈಯಿಂದ ಅಗೆದ ಕಾರ್ಮಿಕರು. ಇದನ್ನು ಮರೆತು ಯಂತ್ರವನ್ನೇ ಹೊಗಳುವುದು ಸರಿಯಲ್ಲ.

ನಮ್ಮ ಕಾನೂನು ಡ್ರೋನ್ ಸರ್ವೆಯನ್ನು ಗಣಿಗಳಿಗೆ ಕಡ್ಡಾಯ ಮಾಡಿಲ್ಲವೆಂದಲ್ಲ. 2021ರ ತಿದ್ದುಪಡಿ ಪ್ರಕಾರ ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆಯಿರುವ, ಇಲ್ಲವೇ 50 ಹೆಕ್ಟೇರ್ ಅಥವಾ ಹೆಚ್ಚಿನ ಗುತ್ತಿಗೆ ಜಾಗವಿರುವ ಗಣಿಗಳು ವರ್ಷಕ್ಕೊಮ್ಮೆ ಡ್ರೋನ್ ಚಿತ್ರ ಕೊಡಬೇಕು. ಗುತ್ತಿಗೆಯ ಗಡಿಯಾಚೆ 100 ಮೀಟರ್‌ವರೆಗಿನ ಜಾಗವೂ ಅದರಲ್ಲಿ ಬರಬೇಕು. ಬಳ್ಳಾರಿಯ ಗಡಿ ಒತ್ತುವರಿ ಕಂಡ ನಮಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದು ಆಕಾಶದಿಂದ ಕಾಣುವ ಗಣಿಯ ಲೆಕ್ಕ. ಹಟ್ಟಿಯಂಥ ಗಣಿಯಲ್ಲಿ ನೋಡಬೇಕಾದದ್ದೆಲ್ಲ ನೆಲದಡಿಯಲ್ಲಿದೆ.

ಕೆಜಿಎಫ್‌ಗಂತೂ ಈ ತಂತ್ರಜ್ಞಾನ ತಡವಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಪಂಪುಗಳು ನಿಂತವು, ನೀರು ಏರಿತು. ಈಗ ಅದರ ಆಳ ನೋಡಬೇಕಿದ್ದರೆ ಈಜುವ ರೋಬೋ ಬೇಕು. ಯುರೋಪಿನ ಯುನೆಕ್ಸ್‌ಮಿನ್ ಯೋಜನೆ 2016ರಿಂದ 2019ರವರೆಗೆ ಅಂಥ ಗೋಳಾಕಾರದ ರೋಬೋಗಳನ್ನು ಕಟ್ಟಿ, ಸ್ಲೊವೇನಿಯಾದ ಇದ್ರಿಯಾ, ಇಂಗ್ಲೆಂಡಿನ ಎಕ್ಟನ್ ಮುಂತಾದ ನೀರು ತುಂಬಿದ ಗಣಿಗಳಿಗೆ ಇಳಿಸಿ ನೋಡಿದೆ. ಕೆಜಿಎಫ್ ಕಾರ್ಮಿಕರನ್ನು ಅತಿ ಹೆಚ್ಚು ಕಾಡಿದ ರಾಕ್‌ಬರ್ಸ್ಟ್ ವಿಷಯದಲ್ಲಿ ಡ್ರೋನ್ ಆಗ ಇದ್ದಿದ್ದರೂ ಹೆಚ್ಚೇನೂ ಮಾಡುತ್ತಿರಲಿಲ್ಲ. ಒತ್ತಡ ತಾಳಲಾರದೆ ಬಂಡೆ ಸಿಡಿಯುವ ಮುನ್ನ ಒಳಗೇನು ನಡೆಯುತ್ತದೆ ಎಂಬುದು ಲೇಸರ್‌ಗೆ ಕಾಣದು. ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದು ಗೋಡೆ ಎಷ್ಟು ಸರಿದಿದೆ ಎಂದು ಹೇಳಬಹುದು, ಅಷ್ಟೆ. ಬಂಡೆಯೊಳಗಿನ ಬಿರುಕಿನ ಸದ್ದು ಆಲಿಸುವ ಜಿಯೋಫೋನ್‌ಗಳ ಕೆಲಸ ಬೇರೆಯೇ. ಭಾರತದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ.

ನಮ್ಮ ದೇಶಕ್ಕೆ ದೊಡ್ಡ ತೊಡಕು ಬೇರೊಂದಿದೆ. ಇಲ್ಲಿನ ನೆಲದಡಿಯ ಗಣಿಗಳಲ್ಲಿ ಹೆಚ್ಚಿನವು ಕಲ್ಲಿದ್ದಲಿನವು, ಅಲ್ಲಿ ಹೊತ್ತಿಕೊಂಡು ಸ್ಫೋಟಿಸುವ ಮೀಥೇನ್ ಅನಿಲ ಇರುತ್ತದೆ. ಮೋಟಾರಿನ ಒಂದು ಕಿಡಿ, ಜಜ್ಜಿಹೋದ ಒಂದು ಲಿಥಿಯಂ ಬ್ಯಾಟರಿ ಸಾಕು. ಅಂಥ ಜಾಗಕ್ಕೆ ಹೋಗುವ ವಿದ್ಯುತ್ ಉಪಕರಣ ಕಿಡಿ ಹಾರದಂತೆ, ಹಾರಿದರೂ ಹೊರಗೆ ದಾಟದಂತೆ ಕಟ್ಟಿರಬೇಕು. ಸಾಮಾನ್ಯವಾಗಿ ಅದಕ್ಕೆ ದಪ್ಪ ಲೋಹದ ಕವಚ ಹಾಕುತ್ತಾರೆ. ಕವಚ ಹಾಕಿದರೆ ಡ್ರೋನ್ ಮೇಲೇಳುವುದಿಲ್ಲ, ತೆಗೆದರೆ ಅದನ್ನು ಒಳಗೆ ಬಿಡುವಂತಿಲ್ಲ. ಹಾಗಾಗಿ ಇಷ್ಟು ವರ್ಷದ ಪ್ರಗತಿಯ ಬಹುಪಾಲು ಲೋಹದ ಗಣಿಗಳಲ್ಲೇ ಆಗಿದೆ. ಕಲ್ಲಿದ್ದಲು ಗಣಿಯ ಹಳೆಯ, ಗಾಳಿಯಾಡದ ಮೂಲೆಗಳನ್ನು ಅಳೆಯಲು ಈಗಲೂ ಮೇಲಿನಿಂದ ರಂಧ್ರ ಕೊರೆದು ಲೇಸರ್ ಅಥವಾ ಸದ್ದಿನ ಅಲೆಯಿಂದ ಅಳೆಯುವ ಸೋನಾರ್ ಇಳಿಸುವ ಹಳೆಯ ದಾರಿಯೇ ಹೆಚ್ಚು ಬಳಕೆಯಲ್ಲಿದೆ.