ಚೆಂಡೆ ಕೇಳಿಸದ ಯಕ್ಷಗಾನ

ನಮ್ಮೂರಿನ ದೇವಸ್ಥಾನದ ಬಯಲಿನಲ್ಲಿ ಹಿಂದೊಮ್ಮೆ ನಡೆದ ಆಟವನ್ನು ಚಿಕ್ಕಪ್ಪ ತಮ್ಮ ವಿಡಿಯೊ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. ಈಚೆಗೆ ಅದನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ವೇಷ ಕುಣಿಯುತ್ತಿದೆ, ಭಾಗವತರ ಬಾಯಿ ಆಡುತ್ತಿದೆ, ಪದ್ಯವಿಲ್ಲ, ಚೆಂಡೆಯಿಲ್ಲ. ಕಡತವೇ ಕೆಟ್ಟಿತೆಂದು ಚಿಕ್ಕಪ್ಪ ನೊಂದುಕೊಂಡರು. ಅದು ಕೆಟ್ಟಿರಲಿಲ್ಲ.

ಕಡತದ ಹೆಸರಿನ ತುದಿಯಲ್ಲಿ ಎಂಪಿ4, ಎಂಕೆವಿ, ಎಂಟಿಎಸ್ ಎಂದಿರುವುದು ಡಬ್ಬಿಯ ಹೆಸರು ಮಾತ್ರ. ಒಳಗೆ ಚಿತ್ರ ಮತ್ತು ಧ್ವನಿ ಬೇರೆ ಬೇರೆ ವಿಧಾನಗಳಲ್ಲಿ ಅಡಕಗೊಂಡಿರುತ್ತವೆ. ಆ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಅಡಕ ಮಾಡದೆ ಗತಿಯಿಲ್ಲ. 1920×1080 ಅಳತೆಯ ಒಂದು ಚೌಕಟ್ಟಿನಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 25 ಚೌಕಟ್ಟು ಎಂದರೆ ಒಂದೇ ಸೆಕೆಂಡಿಗೆ ಸುಮಾರು 155 ಮೆಗಾಬೈಟ್. ಚಿಕ್ಕಪ್ಪನ ಕ್ಯಾಮೆರಾ ಬರೆದಿದ್ದು ಸೆಕೆಂಡಿಗೆ ಹೆಚ್ಚೆಂದರೆ 3 ಮೆಗಾಬೈಟ್. ರಂಗಸ್ಥಳದ ಹಿಂದಿನ ಪರದೆ ಅಲುಗುವುದಿಲ್ಲ, ಅಲುಗುವುದು ವೇಷಧಾರಿ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಪೂರ್ತಿ ಚಿತ್ರವನ್ನು ಬರೆದು, ನಡುವೆ ಬದಲಾದದ್ದನ್ನಷ್ಟೇ ಗುರುತು ಹಾಕಿಕೊಂಡರೆ ಸಾಕು. ಈ ಜಾಣ್ಮೆಯನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಚಿಕ್ಕಪ್ಪನ ಕ್ಯಾಮೆರಾ ಬಳಸಿದ, ಸೋನಿ ಮತ್ತು ಪ್ಯಾನಾಸೋನಿಕ್ 2006ರಲ್ಲಿ ರೂಪಿಸಿದ ಎವಿಸಿಎಚ್‌ಡಿ ಎಂಬ ಪದ್ಧತಿಯಲ್ಲಿ ಚಿತ್ರಕ್ಕೆ ಎಚ್.264, ಧ್ವನಿಗೆ ಸಾಮಾನ್ಯವಾಗಿ ಡಾಲ್ಬಿಯ ಎಸಿ-3. ಎಚ್.264ರ ಅಡಕ ಬಿಡಿಸುವ ವಿದ್ಯುನ್ಮಂಡಲ ಇಂದಿನ ಮೊಬೈಲ್ ಚಿಪ್‌ಗಳಲ್ಲಿ ಇದ್ದೇ ಇರುತ್ತದೆ. ಎಸಿ-3ಕ್ಕೆ ಪರವಾನಗಿಯ ಹಣ ತೆರಬೇಕಿದ್ದುದರಿಂದ ಎಷ್ಟೋ ಮೊಬೈಲ್‌ಗಳಲ್ಲಿ ಅದನ್ನು ಕೈಬಿಟ್ಟರು. ಆಟ ಮೂಕವಾದದ್ದು ಹೀಗೆ.

ಪ್ಯಾರಿಸ್‌ನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸದಿಂದ ಬೆಳೆದ ವಿಡಿಯೊ ಆ್ಯಪ್ ವಿಎಲ್‌ಸಿ ಫೋನಿನ ಹಂಗಿಗೆ ಬೀಳುವುದಿಲ್ಲ. ಬಿಡಿಸುವ ತಂತ್ರಾಂಶವನ್ನು ತಾನೇ ಹೊತ್ತು ತರುತ್ತದೆ. 2001ರಿಂದ ಅದು ಮುಕ್ತ ತಂತ್ರಾಂಶ. ಅದರಲ್ಲಿ ತೆರೆದೊಡನೆ ಚೆಂಡೆ ಮೊಳಗಿತು.

ಹಾಗೆಂದು ಎಲ್ಲವನ್ನೂ ತಂತ್ರಾಂಶದಿಂದಲೇ ಬಿಡಿಸಬಾರದು. ಚಿಪ್‌ನ ಮೀಸಲು ವಿದ್ಯುನ್ಮಂಡಲ ಸಲೀಸಾಗಿ ಮಾಡುವ ಕೆಲಸಕ್ಕೆ ಪ್ರೊಸೆಸರ್ ಏದುಸಿರು ಬಿಡುತ್ತದೆ. ಫೋನು ಬಿಸಿಯಾಗುತ್ತದೆ, ಬ್ಯಾಟರಿ ಕರಗುತ್ತದೆ. 2018ರಲ್ಲಿ ಬಂದ ಎವಿ1 ಎಂಬ ಕೋಡೆಕ್ಕಿನ ಕಡತಗಳು ಹಳೆಯ ಫೋನುಗಳಲ್ಲಿ ತಡವರಿಸುವುದು ಅದಕ್ಕೇ. ವಿಎಲ್‌ಸಿಯ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಬಳಕೆಯ ಆಯ್ಕೆಯಿದೆ. ಎಂಎಕ್ಸ್ ಪ್ಲೇಯರ್‌ನ ಪರದೆಯ ಮೇಲ್ಭಾಗದಲ್ಲಿ ಕಾಣುವ ಎಚ್‌ಡಬ್ಲ್ಯು, ಎಸ್‌ಡಬ್ಲ್ಯು ಅಕ್ಷರಗಳ ಅರ್ಥವೂ ಇದೇ: ಹಾರ್ಡ್‌ವೇರ್, ಸಾಫ್ಟ್‌ವೇರ್. ಈ ಗುಂಡಿ ಕೈಗೆ ಸಿಗದ ಆ್ಯಪ್ ಎಷ್ಟೇ ಚೆಂದ ಕಂಡರೂ ನಾನು ಇಟ್ಟುಕೊಳ್ಳುವುದಿಲ್ಲ. ವಿಡಿಯೊ ತೋರಿಸಲು ಸಂಪರ್ಕ ಪಟ್ಟಿಯನ್ನೋ ನಾನಿರುವ ಜಾಗವನ್ನೋ ಕೇಳುವ ಆ್ಯಪ್‌ಗಳನ್ನೂ ಅಷ್ಟೇ.

ಕನ್ನಡಿಗರು ಇನ್ನೊಂದು ಪರೀಕ್ಷೆ ಮಾಡಬೇಕು. ‘ಶಸ್ತ್ರಾಸ್ತ್ರ’ ಎಂಬ ಪದವಿರುವ ಅಡಿಬರಹದ (ಸಬ್‌ಟೈಟಲ್) ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ ತೆರೆದು ನೋಡಿ. ಒತ್ತಕ್ಷರಗಳನ್ನು ಕೂಡಿಸಲು ಬಾರದ ಆ್ಯಪ್ ಅದನ್ನು ‘ಶಸ್‌ತ್‌ರಾಸ್‌ತ್‌ರ’ ಎಂದು ಒಡೆದು ಚೆಲ್ಲುತ್ತದೆ. ಅಂಥ ಆ್ಯಪ್‌ನಲ್ಲಿ ಕನ್ನಡದ ಅಡಿಬರಹ ಓದುವುದು ಕಲ್ಲು ಆರಿಸದ ಅನ್ನ ಉಂಡಂತೆ.

ಚಿಕ್ಕಪ್ಪನಿಗೆ ಅಡಿಬರಹದ ಅಗತ್ಯವಿಲ್ಲ. ಫೋನನ್ನು ಕಿವಿಗೆ ಹಿಡಿದು, ಪದ್ಯಕ್ಕೆ ಮೊದಲೇ ತಾಳ ಹಾಕುತ್ತಿದ್ದಾರೆ.