ವಾಸನೆಯಿಲ್ಲದ ತಗಡಿಗೆ ಮೀನು ಯಾಕೆ ಬಾಯಿ ಹಾಕುತ್ತದೆ?

ಭೀಮಾ ದಂಡೆಯಲ್ಲಿ ಗಾಳ ಹಾಕಿ ಕೂತವರ ಹತ್ತಿರ ಎರೆಹುಳು ಇರುತ್ತದೆ, ಇಲ್ಲವೇ ಕಲಸಿದ ಹಿಟ್ಟಿನ ಉಂಡೆ. ಅದಕ್ಕೆ ವಾಸನೆ ಇದೆ, ರುಚಿ ಇದೆ. ಮೀನು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹಿಮಾಚಲ, ಕಾಶ್ಮೀರದ ತೊರೆಗಳಲ್ಲಿ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯುವವರಲ್ಲಿ ಎಷ್ಟೋ ಜನ ದಾರದ ತುದಿಗೆ ಕಟ್ಟುವುದು ಬರೀ ಒಂದು ತಗಡು. ಹಿಡಿಕೆ ಕತ್ತರಿಸಿದ ಚಮಚದ ಆಕಾರ, ಅದಕ್ಕೇ ಸ್ಪೂನ್ ಅಂತ ಹೆಸರು. ಸಣ್ಣ ತೊರೆಗೆ 3ರಿಂದ 7 ಗ್ರಾಂ ತೂಕದ್ದು ಸಾಕು. ಒಂದು ತುದಿಯ ತೂತಿಗೆ ದಾರ, ಇನ್ನೊಂದು ತುದಿಗೆ ಗಾಳದ ಮುಳ್ಳು. ಅಂಥದ್ದೊಂದನ್ನು ಅಫಜಲಪುರ ಕಡೆಯ ಮೀನುಗಾರರೊಬ್ಬರ ಕೈಗೆ ಕೊಟ್ಟಾಗ ಅವರು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ತಿನ್ನೋದೇನದ್ರಿ? ಮೀನಿಗಿ ಹುಚ್ಚ ಹಿಡದದೇನು?" ಅಂದರು.

ನ್ಯಾಯವಾದ ಪ್ರಶ್ನೆ. ತಿನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಇರುವುದೆಲ್ಲ ಆ ಬಾಗಿನಲ್ಲಿ.

ಅಮೆರಿಕದ ಜೂಲಿಯೋ ಬ್ಯೂಯೆಲ್ ಎಂಬಾತ 1852ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಸರೋವರದ ಹತ್ತಿರ ಊಟ ಮಾಡುವಾಗ ಕೈಜಾರಿ ಬಿದ್ದ ಚಮಚಕ್ಕೆ ಮೀನೊಂದು ಬಾಯಿ ಹಾಕಿತು, ಅಲ್ಲಿಂದ ಶುರುವಾಯಿತು ಅಂತ ಒಂದು ಕತೆ ಇದೆ. ಕತೆ ನಿಜವೋ ಸುಳ್ಳೋ, ಬಾಗಿದ ಲೋಹ ನೀರಲ್ಲಿ ಮಾಡುವ ಚೇಷ್ಟೆ ಮಾತ್ರ ನಿಜ. ಅದನ್ನು ಅಡುಗೆಮನೆಯಲ್ಲೇ ನೋಡಬಹುದು. ನಳ ತಿರುವಿ ಸಣ್ಣ ಧಾರೆ ಬಿಡಿ. ಚಮಚದ ಹಿಡಿಕೆಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ನೇತಾಡಿಸಿ. ಉಬ್ಬಿದ ಬೆನ್ನನ್ನು ಮೆಲ್ಲಗೆ ಧಾರೆಗೆ ತಾಗಿಸಿ. ನೀರು ಚಮಚವನ್ನು ಆಚೆ ತಳ್ಳಬೇಕು, ಅಲ್ವಾ? ಆಗುವುದು ಉಲ್ಟಾ. ಚಮಚವೇ ಧಾರೆಯೊಳಗೆ ನುಗ್ಗುತ್ತದೆ. ಬಿಡಿಸಲು ಹೋದರೆ ಎಳೆತ ಬೆರಳಿಗೆ ಗೊತ್ತಾಗುತ್ತದೆ. ನೀರು ಉಬ್ಬಿಗೆ ಅಂಟಿಕೊಂಡು ಹರಿಯುತ್ತದೆ, ಕೆಳಗೆ ಬಿಡುವಾಗ ಓರೆಯಾಗಿ ಹೊರಬೀಳುತ್ತದೆ. ಚಮಚ ನೀರನ್ನು ಒಂದು ಕಡೆ ತಿರುಗಿಸಿದ್ದಕ್ಕೆ ನೀರು ಚಮಚವನ್ನು ಇನ್ನೊಂದು ಕಡೆ ಎಳೆಯುತ್ತದೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ.

ತೊರೆಯಲ್ಲಿ ಸ್ಪೂನಿನ ಎರಡೂ ಮೈ ಮೇಲೆ ನೀರು ಹರಿಯುತ್ತದೆ. ಉಬ್ಬಿನ ಕಡೆ ಎಳೆದಾಗ ಅದು ವಾಲುತ್ತದೆ. ವಾಲಿದ ಕೂಡಲೇ ನೀರು ಬಡಿಯುವ ಕೋನ ಬದಲಾಗುತ್ತದೆ, ಮತ್ತೆ ಈ ಕಡೆ ಬರುತ್ತದೆ. ಅಂಚುಗಳಿಂದ ಸಣ್ಣ ಸುಳಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಳಚಿಕೊಳ್ಳುತ್ತವೆ. ಮುಂದಿನ ತುದಿಯನ್ನು ದಾರ ಹಿಡಿದಿರುವುದರಿಂದ ಹಿಂದಿನ ತುದಿ ಬಾಲದಂತೆ ಅಲ್ಲಾಡುತ್ತದೆ. ದಾರ ಸಡಿಲ ಬಿಟ್ಟರೆ ಇನ್ನೊಂದು ಆಟ: ಅತ್ತಿತ್ತ ತೇಲಾಡುತ್ತಾ ಕೆಳಗಿಳಿಯುತ್ತದೆ. ಗಾಳಿಯಲ್ಲಿ ಬೀಳುವ ಕಾಗದದ ಚೂರು ಯಾಕೆ ಹಾಗೆ ಹೊರಳುತ್ತದೆ ಅಂತ 1854ರಲ್ಲೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲೇಖನ ಬರೆದಿದ್ದ. ಮುಂದೆ ವಿದ್ಯುತ್ತು, ಬೆಳಕುಗಳ ಸಮೀಕರಣ ಕೊಟ್ಟನಲ್ಲ, ಅದೇ ಮ್ಯಾಕ್ಸ್‌ವೆಲ್.

ಈ ಆಟಕ್ಕೆ ವೇಗ ಹದವಾಗಿರಬೇಕು. ಕಮ್ಮಿಯಾದರೆ ಸ್ಪೂನ್ ಸುಮ್ನೆ ಮುಳುಗುತ್ತದೆ. ಜಾಸ್ತಿಯಾದರೆ ಗರಗರ ತಿರುಗಿ ದಾರಕ್ಕೆಲ್ಲ ಹುರಿ ಹಾಕುತ್ತದೆ. ಹೊಸಬರು ಎಡವುವುದು ಇಲ್ಲೇ, ಯಾಕೆಂದರೆ ಲೆಕ್ಕಕ್ಕೆ ಬರುವುದು ದಂಡೆಗೆ ಹೋಲಿಸಿದ ವೇಗವಲ್ಲ, ನೀರಿಗೆ ಹೋಲಿಸಿದ ವೇಗ. ತೊರೆ ಸೆಕೆಂಡಿಗೆ ಅರ್ಧ ಮೀಟರ್ ಹರಿಯುತ್ತಿದೆ ಅನ್ನಿ. ಹರಿವಿನ ಮೇಲ್ಗಡೆಗೆ ಎಸೆದು ಸೆಕೆಂಡಿಗೆ ಅರ್ಧ ಮೀಟರಿನಂತೆ ರೀಲ್, ಅಂದರೆ ದಾರದ ರಾಟೆ, ಸುತ್ತಿದರೆ, ನಿಮ್ಮ ಕಣ್ಣಿಗೆ ಸ್ಪೂನ್ ಓಡಿ ಬರುತ್ತಿದೆ. ನೀರಿನ ಪಾಲಿಗೆ ಅದು ನಿಂತೇ ಇದೆ. ಅಲ್ಲಾಡುವುದಿಲ್ಲ, ತಳದ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅದೇ ಕೆಳಗಡೆಗೆ ಬಿಟ್ಟರೆ ರೀಲ್ ಮುಟ್ಟದಿದ್ದರೂ ಹರಿವೇ ಅದನ್ನು ಕುಣಿಸುತ್ತದೆ. ಶಹಾಪುರ, ಸುರಪುರದವರು ಇದನ್ನು ಪರೀಕ್ಷೆ ಮಾಡಬಹುದು. ದೊಡ್ಡ ಕಾಲುವೆಗೆ ಇಳಿಯುವುದು ಬೇಡ, ನಾರಾಯಣಪುರದ ನೀರು ಹೊಲಕ್ಕೆ ಬರುವ ಪಾದ ಮುಳುಗುವಷ್ಟರ ಸಣ್ಣ ಕಾಲುವೆ ಸಾಕು. ಹಳೆಯ ಚಮಚದ ಹಿಡಿಕೆ ಕತ್ತರಿಸಿ, ತೂತು ಹಾಕಿ, ದಾರ ಕಟ್ಟಿ ಬಿಡಿ. ದಾರದಲ್ಲಿ ಟಕಟಕ ಅಂತ ಬರುವ ನಡುಕ ಬೆರಳಿಗೆ ಸಿಗುತ್ತದೆ.

ಮೀನಿಗೆ ಸಿಗುವುದೂ ಆ ನಡುಕವೇ. ಮಾರ್ಕೆಟಿನಲ್ಲಿ ರೋಹು ಕೊಳ್ಳುವಾಗ ಅದರ ಮೈ ಪಕ್ಕ ನೋಡಿ. ಕಿವಿರಿನ ಹಿಂದಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದೆ. ಆ ಗೆರೆಯ ನಲವತ್ತು ಚಿಲ್ಲರೆ ಹುರುಪೆಗಳಲ್ಲಿ ಒಂದೊಂದು ಸಣ್ಣ ತೂತಿರುತ್ತದೆ. ಚರ್ಮದೊಳಗಿನ ಕೊಳವೆಗೆ ಅವು ಬಾಗಿಲು. ಕೊಳವೆಯಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ನಮ್ಮ ಒಳಗಿವಿಯಲ್ಲಿ ಶಬ್ದ ಹಿಡಿಯುವ ಕೋಶಗಳೂ ಇದೇ ಜಾತಿಯವು. ಪಕ್ಕದ ನೀರು ಕದಲಿದರೆ ಎಳೆ ಬಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಟ್ರೌಟ್‌ಗೂ ಇದೇ ಏರ್ಪಾಡು. ಆದರೆ ಇದರ ವ್ಯಾಪ್ತಿ ಕಮ್ಮಿ, ಮೀನಿನ ಉದ್ದದ ಒಂದೆರಡು ಪಟ್ಟು ಮಾತ್ರ. 30 ಸೆಂಟಿಮೀಟರ್ ಟ್ರೌಟ್‌ಗೆ ಅರ್ಧ ಮೀಟರ್ ಆಚೀಚೆ. ಅದಕ್ಕಿಂತ ದೂರದಲ್ಲಿ ಕಣ್ಣೇ ಗತಿ, ಅಲ್ಲಿ ಕೆಲಸಕ್ಕೆ ಬರುವುದು ತಗಡಿನ ಮಿಣುಕು. ವಾಲಿದಾಗೆಲ್ಲ ಸ್ಪೂನ್ ಬೆಳಕನ್ನು ಒಂದೊಂದು ದಿಕ್ಕಿಗೆ ಎಸೆಯುತ್ತದೆ. ಮೈ ತಿರುವುವ ಮರಿಮೀನಿನ ಹೊಟ್ಟೆಯೂ ಹಾಗೇ ಮಿಣುಕುತ್ತದೆ. ತಿಳಿನೀರಿಗೆ ಬೆಳ್ಳಿ ಬಣ್ಣ, ಕದಡಿದ ನೀರಿಗೆ ತಾಮ್ರ ಅಂತ ಹಿಡಿಯುವವರಲ್ಲಿ ವಾದ ನಡೆದೇ ಇರುತ್ತದೆ. ನನ್ನನ್ನು ಕೇಳಿದರೆ ಬಣ್ಣಕ್ಕಿಂತ ವೇಗ ದೊಡ್ಡದು.

ಟ್ರೌಟ್ ಕಲ್ಲಿನ ಮರೆಯಲ್ಲಿ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಅಲ್ಲಿ ಸೆಳೆತ ಕಮ್ಮಿ, ಪಕ್ಕದಲ್ಲೇ ಊಟ ತೇಲಿ ಬರುತ್ತದೆ. ದೂರ ಈಜಿದರೆ ತಿಂದದ್ದಕ್ಕಿಂತ ಖರ್ಚೇ ಜಾಸ್ತಿ. ಹಾಗಾಗಿ ಸ್ಪೂನನ್ನು ಹರಿವಿಗೆ ಅಡ್ಡಲಾಗಿ ಎಸೆದು, ಕಲ್ಲಿನ ಮುಂದೆ ಹಾದು ಹೋಗುವಂತೆ ಬಿಡುತ್ತಾರೆ. ಮೀನಿಗೆ ಯೋಚಿಸಲು ಒಂದು ಕ್ಷಣ ಸಿಗುತ್ತದೆ. ಮುಟ್ಟಿ ನೋಡಲು ಕೈಯಿಲ್ಲ, ಬಾಯೇ ಹಾಕಬೇಕು.

ಭೀಮಾ, ಮಾಂಜ್ರಾ ನದಿಗಳಿಗೂ ಟ್ರೌಟ್ ತಂದು ಬಿಡಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. ಕಾಶ್ಮೀರಕ್ಕೆ 1900ರಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆ ತಂದು ಬೆಳೆಸಿದರು, ನೀಲಗಿರಿಯಲ್ಲೂ ಬೆಳೆಸಿದರು. ಎರಡೂ ಕಡೆ ನೀರು ತಣ್ಣಗಿದೆ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ. ನೀರು ಬಿಸಿಯಾದಷ್ಟೂ ಮೀನಿಗೆ ಆಮ್ಲಜನಕ ಬೇಕಾಗುವುದು ಮಾತ್ರ ಹೆಚ್ಚು. 20 ಡಿಗ್ರಿ ದಾಟಿದರೆ ಟ್ರೌಟ್ ಏದುಸಿರು ಬಿಡುತ್ತದೆ, 25ರ ಆಸುಪಾಸಿನಲ್ಲಿ ಬದುಕುವುದು ಕಷ್ಟ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿಗೆ ನೀರು ಎಷ್ಟು ಕಾಯುತ್ತದೆ ಅಂತ ಹೇಳಬೇಕಿಲ್ಲ.

ಆ ನೀರಲ್ಲಿ ಬದುಕಲು ಕೊರಮೀನು ಬೇರೆ ದಾರಿ ಹಿಡಿದಿದೆ. ಮುರ್ರೆಲ್ ಅನ್ನುತ್ತಾರಲ್ಲ, ಹಾವಿನ ತಲೆಯದು. ಕಿವಿರಿನ ಮೇಲೆ ಗಾಳಿ ತುಂಬಿಕೊಳ್ಳುವ ಒಂದು ಚೀಲದಂಥ ಜಾಗವಿದೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಬೇಟೆಗಾರ ಮೀನು, ಸ್ಪೂನಿಗೂ ಎಗರುತ್ತದೆ. ಬೀದರಿನ ಕೆರೆಗಳಂಥ ಜೊಂಡು ತುಂಬಿದ ನೀರಲ್ಲಾದರೆ ಮುಳ್ಳಿಗೆ ಅಡ್ಡ ತಂತಿ ಇರುವ ಸ್ಪೂನ್ ಬೇಕು, ಇಲ್ಲದಿದ್ದರೆ ಪ್ರತಿ ಸಲವೂ ಸಿಗುವುದು ಜೊಂಡೇ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವ ಹಾಗೆ ಕಂಡರೆ ಅಲ್ಲಿಗೆ ಎಸೆಯಬೇಡಿ. ಕೆಳಗೆ ತಾಯಿಯೋ ತಂದೆಯೋ ಕಾವಲಿಗಿರುತ್ತದೆ. ಅದು ಸ್ಪೂನ್ ಕಚ್ಚುವುದು ಹಸಿವಿಗಲ್ಲ, ಓಡಿಸಲಿಕ್ಕೆ. ಅದನ್ನು ಎತ್ತಿಕೊಂಡು ಹೋದರೆ ಮರಿಗಳು ಬೇರೆ ಮೀನುಗಳ ಬಾಯಿಗೆ.