ಹಳೇ ಡೀಸೆಲ್ ಕಾರಿನ ತಾಳ ತಪ್ಪುವುದು ಎಲ್ಲಿ?

ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಯಾವುದಾದರೂ ವರ್ಕ್‌ಶಾಪಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕಾರು ತಂದವರು ಮೆಕ್ಯಾನಿಕ್ ಎದುರು ಬಾಯಲ್ಲೇ ಇಂಜಿನ್ ಓಡಿಸುತ್ತಿರುತ್ತಾರೆ. ಒಬ್ಬರದ್ದು ‘ಕಟ ಕಟ’, ಇನ್ನೊಬ್ಬರದ್ದು ‘ಗುಂಯ್’, ಮತ್ತೊಬ್ಬರದ್ದು ‘ಒಂಥರಾ ದಡ ದಡ’. ಮಲಯಾಳದಲ್ಲಿ ಪ್ರಶ್ನೆ, ಕನ್ನಡದಲ್ಲಿ ಉತ್ತರ, ನಡುವೆ ಒಂದಿಷ್ಟು ತುಳು. ಕೊನೆಗೆ ‘ಮೌಂಟಿಂಗ್ ಬದಲಿಸಿ ನೋಡುವ’ ಅಂತ ತೀರ್ಮಾನ. ಅದರಿಂದ ಸರಿಯಾಗದಿದ್ದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್, ಆಮೇಲೆ ಪಂಪ್. ಹೀಗೆ ಒಂದೊಂದೇ ಪಾರ್ಟ್ ಬದಲಿಸಿ ಅದೃಷ್ಟ ನೋಡುವುದಾದರೆ ಲಾಟರಿ ಟಿಕೆಟೇ ಅಗ್ಗ. ಕಾಸರಗೋಡಿನಲ್ಲಿ ಅದರ ಅಂಗಡಿಗೆ ಬರವೂ ಇಲ್ಲ.

ಸದ್ದು ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಅಂತ ಯಾರೂ ಕೇಳುವುದಿಲ್ಲ. ಅಸಲಿ ಗುಟ್ಟು ಇರುವುದೇ ಆ ಲೆಕ್ಕದಲ್ಲಿ.

ತೆಂಕುತಿಟ್ಟಿನ ಯಕ್ಷಗಾನ ಕೇಳುತ್ತಾ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ತಾನೇ. ಹಿಮ್ಮೇಳದಲ್ಲಿ ಚೆಂಡೆ ಬೇರೆ, ಮದ್ದಳೆ ಬೇರೆ, ಚಕ್ರತಾಳ ಬೇರೆ. ಆದರೆ ಎಲ್ಲವೂ ಭಾಗವತರ ತಾಳಕ್ಕೆ ಕಟ್ಟುಬಿದ್ದಿರುತ್ತವೆ. ಒಂದು ಪೆಟ್ಟು ತಪ್ಪಿದರೆ ಯಾರದ್ದು ತಪ್ಪಿತು ಅಂತ ಹಿಂದಿನ ಸಾಲಿನ ಅಜ್ಜನಿಗೂ ಗೊತ್ತಾಗುತ್ತದೆ. ಇಂಜಿನ್ನಿನಲ್ಲಿ ತಾಳ ಹಾಕುವುದು ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿ ತಿರುಗಿಸುವ ಕ್ರ್ಯಾಂಕ್ ಶಾಫ್ಟ್. ಉಳಿದ ಒಂದೊಂದು ಭಾಗವೂ ಅದರ ಅರ್ಧಕ್ಕೋ ಸಮಕ್ಕೋ ಎರಡರಷ್ಟಕ್ಕೋ ಬಡಿಯುತ್ತಿರುತ್ತದೆ.

ಲೆಕ್ಕ ಸುಲಭ. ಹಳೇ ನಾಲ್ಕು ಸಿಲಿಂಡರಿನ ಡೀಸೆಲ್ ಕಾರು ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಓಡುತ್ತದೆ ಅನ್ನಿ. ಅಂದರೆ ಸೆಕೆಂಡಿಗೆ 13 ಸುತ್ತು, ಚೂರು ಜಾಸ್ತಿ. ಒಂದು ಸಿಲಿಂಡರ್ ಹೊತ್ತಿಕೊಳ್ಳುವುದು ಎರಡು ಸುತ್ತಿಗೊಮ್ಮೆ. ನಾಲ್ಕೂ ಸೇರಿದರೆ ಸುತ್ತಿಗೆ ಎರಡು ಪೆಟ್ಟು, ಸೆಕೆಂಡಿಗೆ ಸುಮಾರು 27. ಇದು ಆರೋಗ್ಯವಂತ ಇಂಜಿನ್ನಿನ ಮಾಮೂಲಿ ನಡುಕ. ಇದಕ್ಕೆ ಯಾರೂ ಹೆದರಬೇಕಾಗಿಲ್ಲ.

ಈಗ ಒಂದು ಸಿಲಿಂಡರ್ ಸೋಮಾರಿಯಾಯಿತು. ನಮ್ಮವರ ಭಾಷೆಯಲ್ಲಿ ‘ಮಿಸ್ಸಿಂಗ್’. ಆ ಸಿಲಿಂಡರಿನ ಸರದಿ ಬಂದಾಗಲೆಲ್ಲ ಒಂದು ಪೆಟ್ಟು ಖಾಲಿ. ಸರದಿ ಬರುವುದು ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ ಆರೇಳು ಸಲ. ಕುಳಿತ ಮನುಷ್ಯನ ಮೈ ಮೇಲೆ-ಕೆಳಗಿನ ನಡುಕವನ್ನು ಅತಿ ಹೆಚ್ಚು ಗುರುತಿಸುವುದು ಸೆಕೆಂಡಿಗೆ 4ರಿಂದ 8 ಸಲದ ನಡುವೆ. ಆರೇಳು ಅನ್ನುವುದು ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ. ಸಾಲದ್ದಕ್ಕೆ, ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಸೆಕೆಂಡಿಗೆ 27ರ ನಡುಕವನ್ನು ಚೆನ್ನಾಗಿ ನುಂಗುತ್ತದೆ. ಆದರೆ ಆರೇಳರ ನಿಧಾನದ ಕುಲುಕಾಟ ಅದರ ಕೈಗೆ ಸಿಗುವುದಿಲ್ಲ. ಮೌಂಟಿಂಗ್ ಮೇಲೆ ಇಂಜಿನ್ ತಾನಾಗಿ ತೂಗುವ ವೇಗಕ್ಕೆ ಇದು ತೀರಾ ಹತ್ತಿರ, ಹಾಗಾಗಿ ಎಷ್ಟೋ ಸಲ ರಬ್ಬರೇ ಅದನ್ನು ಇನ್ನಷ್ಟು ಕುಣಿಸುತ್ತದೆ. ಒಂದು ನಾಝಲ್ ಸ್ವಲ್ಪ ಕಟ್ಟಿದ್ದಕ್ಕೇ ಸ್ಟೇರಿಂಗ್, ಕನ್ನಡಿ, ಸೀಟು ಎಲ್ಲ ಯಾಕೆ ನಡುಗುತ್ತವೆ ಅಂತ ಈಗ ತಿಳಿಯಿತಲ್ವಾ?

‘ಸ್ವಲ್ಪ ರೇಸ್ ಮಾಡಿದರೆ ಸರಿಹೋಗುತ್ತದೆ’ ಅನ್ನುವ ನಂಬಿಕೆಗೂ ಇದರಲ್ಲೇ ಉತ್ತರ ಇದೆ. 1500 ಆರ್‌ಪಿಎಂಗೆ ಏರಿಸಿದರೆ ಅದೇ ಮಿಸ್ಸಿಂಗ್ ಸೆಕೆಂಡಿಗೆ 12-13 ಸಲ ಆಗುತ್ತದೆ. ಮೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಅಷ್ಟೇ. ರೋಗ ಇದ್ದಲ್ಲೇ ಇರುತ್ತದೆ.

ಇದನ್ನು ನೀವೇ ಅಳೆಯಬಹುದು. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ. ಶಾಲೆ ಮಕ್ಕಳ ಭೌತಶಾಸ್ತ್ರ ಪ್ರಯೋಗಕ್ಕೆಂದು ಮಾಡಿದ್ದು. ಅದರಲ್ಲಿ ಮೊಬೈಲಿನ ನಡುಕವನ್ನು ಹರ್ಟ್ಝ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಂತ, ಬಿಡಿಸಿ ತೋರಿಸುವ ಒಂದು ಪರದೆ ಇದೆ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಸಿ ಬಂದ್ ಮಾಡಿ. ಮೊಬೈಲನ್ನು ಡ್ಯಾಶ್‌ಬೋರ್ಡಿನ ಮೇಲೆ ಜಾರದ ಹಾಗೆ ಮಲಗಿಸಿ. 800 ಆರ್‌ಪಿಎಂ ಇದ್ದಾಗ ಗೆರೆ 6.7ರ ಹತ್ತಿರ ಎದ್ದು ನಿಂತರೆ ಒಂದು ಸಿಲಿಂಡರ್ ಕೈಕೊಟ್ಟಿದೆ. 13ರ ಹತ್ತಿರ ಎದ್ದರೆ ತಿರುಗುವ ಯಾವುದೋ ಭಾಗದ ತೂಕ ಏರುಪೇರಾಗಿದೆ: ಕ್ಲಚ್, ಫ್ಲೈವೀಲ್ ಅಥವಾ ಮುಂದಿನ ಪುಲ್ಲಿ. 27ರ ಹತ್ತಿರ ಮಾತ್ರ ಜಾಸ್ತಿಯಾಗಿದ್ದರೆ ಇಂಜಿನ್ ಸರಿಯಾಗಿದೆ, ಮೌಂಟಿಂಗ್ ರಬ್ಬರ್ ಕಲ್ಲಾಗಿದೆ ಅಥವಾ ಹರಿದಿದೆ. ಮೂರು ಗೆರೆ, ಮೂರು ಬೇರೆ ಬೇರೆ ಬಿಲ್.

ಆ್ಯಪ್ ಬೇಡ ಅನ್ನುವವರಿಗೆ ಒಂದು ತುಂಡು ಪೇಪರ್ ಸಾಕು. ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ದೂರ ಹಿಡಿಯಿರಿ. ಹೊಗೆ ಒಂದೇ ಸಮ ತಳ್ಳಿದರೆ ಪೇಪರ್ ಒಂದೇ ಲಯದಲ್ಲಿ ಪಟಪಟ ಅನ್ನುತ್ತದೆ. ಮಿಸ್ಸಿಂಗ್ ಇದ್ದರೆ ನಡುನಡುವೆ ಎಡವುತ್ತದೆ. ಮೌಂಟಿಂಗ್ ಹಾಳಾದ ಮಾತ್ರಕ್ಕೆ ಹೊಗೆಯ ಲಯ ತಪ್ಪುವುದಿಲ್ಲ. ಟರ್ಬೊ ಇರುವ ಕಾರಿನಲ್ಲಿ ಈ ವ್ಯತ್ಯಾಸ ಸ್ವಲ್ಪ ಮಸುಕಾಗುತ್ತದೆ. ಹಳೇ ಇಂಡಿಕಾ, ಝೆನ್ ಡೀಸೆಲ್, ಅಂಬಾಸಿಡರ್ ಡೀಸೆಲ್‌ಗಳಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ.

ಇನ್ನು ‘ಡೀಸೆಲ್ ಅಂದಮೇಲೆ ಸೌಂಡ್ ಇರುವುದೇ’ ಅನ್ನುವ ಮಾತು. ಇದು ಅರ್ಧ ನಿಜ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಇಂಜಿನ್ನಿಗೆ ಇದ್ದದ್ದು ಒಂದೇ ಸಿಲಿಂಡರ್, ಎತ್ತರ ಮಾತ್ರ ಸುಮಾರು 3 ಮೀಟರ್. ಎಣ್ಣೆಯ ಶಕ್ತಿಯ ಕಾಲು ಭಾಗಕ್ಕಿಂತ ಜಾಸ್ತಿಯನ್ನು ಅದು ಕೆಲಸಕ್ಕೆ ತಿರುಗಿಸಿತು. ಆ ಕಾಲದ ಹಬೆ ಇಂಜಿನ್ನುಗಳಿಗೆ ಇದು ಕನಸು. ಅದರಲ್ಲಿ ಸ್ಪಾರ್ಕ್ ಪ್ಲಗ್ ಅನ್ನುವುದೇ ಇರಲಿಲ್ಲ, ನಮ್ಮ ಹಳೇ ಡೀಸೆಲ್‌ನಲ್ಲೂ ಇಲ್ಲ. ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಒತ್ತಿದರೆ ಅದೇ 500 ಡಿಗ್ರಿ ದಾಟಿ ಕಾಯುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ತಕ್ಷಣಕ್ಕಲ್ಲ. ಹೆಚ್ಚುಕಡಿಮೆ ಸಾವಿರದಲ್ಲೊಂದು ಸೆಕೆಂಡ್ ತಡವಾಗುತ್ತದೆ. ಅಷ್ಟರೊಳಗೆ ಒಳಗೆ ಬಿದ್ದು ಕಾಯುತ್ತಿದ್ದ ಡೀಸೆಲ್ ಎಲ್ಲ ಒಂದೇ ಸಲ ಭಗ್ಗನೆ ಹೊತ್ತಿ ಪಿಸ್ಟನ್ ತಲೆಗೆ ಬಡಿಯುತ್ತದೆ. ಡೀಸೆಲ್ ಕಾರಿನ ‘ಟಕ ಟಕ’ ಅಂದರೆ ಇದೇ.

ಇಂಜಿನ್ ತಣ್ಣಗಿದ್ದಾಗ ಈ ತಡ ಜಾಸ್ತಿ, ಅದಕ್ಕೇ ಬೆಳಗ್ಗೆ ಸದ್ದೂ ಜಾಸ್ತಿ. ಬಿಸಿಯಾದ ಮೇಲೆ ಇಳಿಯಬೇಕು. ಇಳಿಯದಿದ್ದರೆ ಡೀಸೆಲ್ ಸಿಂಪಡಿಸುವ ಟೈಮಿಂಗ್ ಮುಂದಾಗಿದೆ ಅಥವಾ ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ.

ಯಾವ ಸಿಲಿಂಡರ್ ಅಂತ ಹುಡುಕಲು ಹಳೇ ಮೆಕ್ಯಾನಿಕ್‌ಗಳಿಗೆ ಒಂದು ಸ್ಪಾನರ್ ಸಾಕಿತ್ತು. ಇಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಸಡಿಲಿಸಿದಾಗ ಇಂಜಿನ್ ಮುಗ್ಗರಿಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಅಂತ ಅರ್ಥ. ಏನೂ ವ್ಯತ್ಯಾಸ ಆಗಲಿಲ್ಲವೋ, ಸೋಮಾರಿ ಸಿಕ್ಕಿಬಿದ್ದ. ಆದರೆ ಇದು ಹಳೇ ಪಂಪ್ ಇರುವ ಗಾಡಿಗಷ್ಟೇ. ಸ್ವಿಫ್ಟ್ ಡೀಸೆಲ್‌ನಂಥ, ಎಲ್ಲ ನಾಝಲ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಕಾರಿನಲ್ಲಿ ಈ ಸಾಹಸ ಬೇಡವೇ ಬೇಡ. ಅದರ ಪೈಪಿನಲ್ಲಿ ಒತ್ತಡ 1600 ಬಾರ್ ತನಕ ಏರುತ್ತದೆ. ಟೈರಿಗೆ ನಾವು ತುಂಬಿಸುವುದು ಎರಡು ಚಿಲ್ಲರೆ ಬಾರ್. ಸಡಿಲಾದ ನಟ್ಟಿನಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳು ಕಳೆದುಕೊಳ್ಳುವ ಹಾಗಾಗುತ್ತದೆ. ಅಂಥ ಕಾರಿಗೆ ಸ್ಕ್ಯಾನರ್ ಹಾಕಿಸಿ. ಯಾವ ಇಂಜೆಕ್ಟರಿಗೆ ಎಷ್ಟು ತಿದ್ದುಪಡಿ ಮಾಡಿಕೊಳ್ಳುತ್ತಿದ್ದೇನೆ ಅಂತ ಕಂಪ್ಯೂಟರೇ ಹೇಳುತ್ತದೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಿಸ್ಸಿಂಗ್ ಶುರುವಾದರೆ ನಾಝಲ್ ಬಿಚ್ಚುವ ಮೊದಲು ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ ತಿರುಗಿಸಿ. ಹಳೇ ಹಾರ್ಲಿಕ್ಸ್ ಬಾಟಲಿಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿಯಿರಿ. ತಳದಲ್ಲಿ ನೀರು ಬೇರೆಯಾಗಿ ನಿಂತಿದ್ದರೆ ಅರ್ಧ ಚಿಕಿತ್ಸೆ ಅಲ್ಲೇ ಆಯಿತು. ಬೆಳಗ್ಗೆ ಬೆಲ್ಟ್ ಕಿರುಚುವುದು, ತುಕ್ಕು ಹಿಡಿದ ಸೈಲೆನ್ಸರ್ ತಗಡು ಝಣಝಣ ಅನ್ನುವುದು, ಇವೆಲ್ಲ ಕಿವಿಗೆ ಕಿರಿಕಿರಿ. ಇಂಜಿನ್ ಬಿಚ್ಚುವಂಥ ಕಾಯಿಲೆ ಅಲ್ಲ.

ಓಡುವಾಗ ಮಾತ್ರ ಬರುವ ಸದ್ದಿಗೆ ಬೇರೆ ಪರೀಕ್ಷೆ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ 60ರಲ್ಲಿ ಹೋಗುತ್ತಾ ಕ್ಲಚ್ ತುಳಿದುಬಿಡಿ. ಇಂಜಿನ್ ಐಡ್ಲಿಂಗಿಗೆ ಇಳಿದರೂ ಸದ್ದು ಇಳಿಯದಿದ್ದರೆ ಅದು ಇಂಜಿನ್ನಿನದ್ದಲ್ಲ, ಚಕ್ರದ ಕಡೆಯದ್ದು. ಚೆರ್ಕಳ-ಜಾಲ್ಸೂರು ರಸ್ತೆಯಂಥ ತಿರುವುಗಳಲ್ಲಿ ಬಲಕ್ಕೆ ತಿರುಗಿದಾಗ ‘ಗುಂಯ್’ ಜೋರಾದರೆ ಹೆಚ್ಚಾಗಿ ಎಡಚಕ್ರದ ಬೇರಿಂಗ್. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ.

ನಿಜಕ್ಕೂ ಹೆದರಬೇಕಾದ ಸದ್ದು ಒಂದೇ. ಇಂಜಿನ್ನಿನ ಕೆಳಗಿನಿಂದ ಬರುವ ಭಾರವಾದ ‘ಧಬ್ ಧಬ್’. ಇಂಜಿನ್ ಬಿಸಿಯಾಗಿ ಆಯಿಲ್ ತೆಳ್ಳಗಾದಂತೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಂತೆ ಜೋರಾಗುತ್ತದೆ. ಇದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದ ಸದ್ದು. ಜೊತೆಗೆ ಆಯಿಲ್ ದೀಪವೂ ಮಿಣುಕಿದರೆ ಅಲ್ಲೇ ಬಂದ್ ಮಾಡಿ ಟೋ ಮಾಡಿಸಿ. ಮೇಲಿನಿಂದ ಬರುವ ಹಗುರ ‘ಟಿಕ್ ಟಿಕ್’ ವಾಲ್ವ್ ತೆರೆಯುವ ಟ್ಯಾಪೆಟ್‌ನದ್ದು. ಅದು ಕ್ಯಾಮ್ ಶಾಫ್ಟಿನ ತಾಳ, ಕ್ರ್ಯಾಂಕಿನ ಅರ್ಧ ವೇಗ. ಅದಕ್ಕೆ ವಾರಗಟ್ಟಲೆ ಸಮಯ ಇದೆ.

ಬಂಪರಿಗೆ ಕಟ್ಟಿದ ಲಿಂಬೆ-ಮೆಣಸಿನ ಬಗ್ಗೆ ನನ್ನ ತಕರಾರು ಅಷ್ಟಕ್ಕಷ್ಟೇ. ಅದು ಇಂಜಿನ್ನಿಗೆ ಹಾನಿಯಂತೂ ಮಾಡುವುದಿಲ್ಲ. ಹಾನಿ ಮಾಡುವುದು ‘ಸೌಂಡ್ ಹೋಗಲಿ’ ಅಂತ ಸುಮ್ನೆ ಸುರಿಯುವ ದಪ್ಪ ಆಯಿಲ್. ಸವೆದ ಬೇರಿಂಗಿನ ಸಂದಿಯಲ್ಲಿ ಅದು ಮೆತ್ತನೆ ಕೂತು ಬಡಿತವನ್ನು ಮುಚ್ಚಿಡುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಹರಿಯಬೇಕಾದ ಕಡೆ ಹರಿಯುವುದಿಲ್ಲ. ಹಳೇ ಕಾರು ಮಾರುವ ಕೆಲವರಿಗೆ ಈ ಉಪಾಯ ಚೆನ್ನಾಗಿ ಗೊತ್ತು.

ಹಾಗಾಗಿ ಸೆಕೆಂಡ್‌ಹ್ಯಾಂಡ್ ಡೀಸೆಲ್ ನೋಡಲು ಹೋದರೆ ಎರಡು ಸಲ ಕೇಳಿಸಿಕೊಳ್ಳಿ: ತಣ್ಣಗಿದ್ದಾಗ ಒಮ್ಮೆ, ಏರು ಹತ್ತಿಸಿ ಚೆನ್ನಾಗಿ ಕಾಯಿಸಿದ ಮೇಲೆ ಇನ್ನೊಮ್ಮೆ. ಅದಕ್ಕೂ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿ. ನೀವು ಬರುವ ಮೊದಲೇ ಬಿಸಿಯಾಗಿದ್ದರೆ, ನಾಳೆ ಬೆಳಗ್ಗೆ ಬರುತ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ ಬನ್ನಿ.